ಡಾಕ್ಟರಿಗೆ ತಲುಪದ ಮಾತು

ಸುಧಾಕರ, ನೀನು ಹೇಳಿದ್ದನ್ನು ನಾನು ಆ ಡಾಕ್ಟರಿಗೆ ಹೇಳಲೇ ಇಲ್ಲ.

ಮಸ್ಕತ್ತಿನ ಘಾಲಾದ ಗ್ಯಾರೇಜಿನಲ್ಲಿ ನೀನು ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೆ, ನಾನು ಅಲ್ಲೇ ಆಫೀಸಿನಲ್ಲಿ ಗುಮಾಸ್ತ. ತೊಂಬತ್ತರ ಆಸುಪಾಸಿನ ಆ ಬೇಸಿಗೆಯಲ್ಲಿ ನೀನು ಊಟ ಬಿಟ್ಟೆ, ನಿದ್ದೆ ಬಿಟ್ಟೆ. ಕ್ಲಿನಿಕ್ಕಿಗೆ ನಾನೇ ಕರೆದೊಯ್ದೆ. ಈಜಿಪ್ಟಿನ ಡಾಕ್ಟರಿಗೆ ಇಂಗ್ಲಿಷ್, ನಿನಗೆ ತುಳು, ಕನ್ನಡ — ನಡುವೆ ನಾನು. ಇಂಗ್ಲಿಷ್ ಬಲ್ಲ ಅಣ್ಣನೆಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಯಾರದಾದರೂ ದನಿ ಕೇಳಿಸುತ್ತದೆಯೇ ಎಂದು ಅವರು ವಿಚಾರಿಸಿದರು. ನನ್ನ ಮುಖ ನೋಡುತ್ತಾ ನೀನು ಎಲ್ಲ ಬಿಡಿಸಿ ಹೇಳಿದೆ — ತೀರಿಹೋದ ಅಪ್ಪ ಎಸಿಯೊಳಗಿಂದ ಕರೆಯುವುದು, ರೂಮಿನವರು ಅನ್ನಕ್ಕೆ ಏನೋ ಬೆರೆಸುತ್ತಾರೆಂಬ ಹೆದರಿಕೆ... ನಾನು ದಾಟಿಸಿದ್ದು ಇಷ್ಟೇ: ಸೆಕೆಗೆ ನಿದ್ದೆ ಬರುವುದಿಲ್ಲವಂತೆ, ಹಸಿವಿಲ್ಲವಂತೆ.

ಊರಲ್ಲಿ ತಂಗಿ ವನಜಳಿಗೆ ಸಂಬಂಧ ಕುದುರಿತ್ತು. ಹುಡುಗನ ಕಡೆಯವರಿಬ್ಬರು ನಮ್ಮ ಕ್ಯಾಂಪಿನಲ್ಲೇ ಇದ್ದರು. ಆ ಮನೆಯಲ್ಲಿ ಹುಚ್ಚು ಇದೆ ಎಂಬ ಮಾತೆದ್ದರೆ — ಇಲ್ಲ, ತಂಗಿಯ ನೆಪ ಹೇಳುವುದು ಬೇಡ. ಹುಚ್ಚನ ಅಣ್ಣ ಅನ್ನಿಸಿಕೊಳ್ಳಲು ನನಗೇ ನಾಚಿಕೆಯಾಗಿತ್ತು.

ಹೊರಗೆ ಬಂದಾಗ ನಿನ್ನ ಮುಖ ಹಗುರಾಗಿತ್ತು.

"ಎಲ್ಲ ಹೇಳಿದ್ಯಾ ಅಣ್ಣ? ಒಂದೂ ಬಿಡ್ಲಿಲ್ಲ ಅಲ್ಲಾ?"

"ಎಲ್ಲ ಹೇಳಿದ್ದೇನೆ ಮಾರಾಯ."

ಡಾಕ್ಟರು ಬರೆದುಕೊಟ್ಟ ವಿಟಮಿನ್ ಮಾತ್ರೆಯನ್ನು, ಅದೇ ಮದ್ದೆಂದು ನಂಬಿ, ನೀನು ಹೊತ್ತಿಗೆ ಸರಿಯಾಗಿ ನುಂಗಿದೆ. ಎರಡು ತಿಂಗಳಲ್ಲಿ ಅಡುಗೆಯವನ ಮೇಲೆ ಕೈಯೆತ್ತಿದೆ. ವೀಸಾ ಕೊಟ್ಟ ಕಫೀಲ್ ಖಲಾಸ್, ಮುಗಿಯಿತು ಎಂದು ನಿನ್ನನ್ನು ಊರಿಗೆ ಕಳಿಸಿದ. ಅಲ್ಲಿ ಆರು ವರ್ಷ ನೀನು ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಲಿಲ್ಲ. ಅಮ್ಮ ಎಷ್ಟು ಬೇಡಿಕೊಂಡರೂ ನಿನ್ನದು ಒಂದೇ ಮಾತು — ಮಸ್ಕತ್ತಿನಲ್ಲಿ ಎಲ್ಲ ಹೇಳಿ ಆಗಿದೆ, ನನ್ನ ಕಾಯಿಲೆಗೆ ಮದ್ದಿಲ್ಲ. ಅಮ್ಮ ಅದನ್ನು ಕಾಗದದಲ್ಲಿ ಬರೆಸಿದ್ದಳು. ನಾನು ಓದಿ ಮಡಚಿಟ್ಟೆ. ಉತ್ತರದಲ್ಲಿ — ಇಲ್ಲಿ ಸೆಕೆ ಕಡಿಮೆಯಾಗಿದೆ ಎಂದು ಬರೆದೆ.

ಕೊನೆಗೆ ವನಜಳೇ ನಿನ್ನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ನಿನ್ನ ಮಾತು ನೀನೇ ಹೇಳಿದೆ, ಚೇತರಿಸಿಕೊಂಡೆ. ಈಗ ಅಪ್ಪನ ದನಿ ಕೇಳಿಸುವುದಿಲ್ಲವಂತೆ. ನನಗೆ ಕೇಳಿಸುತ್ತದೆ — ಎಲ್ಲ ಹೇಳಿದ್ಯಾ ಅಣ್ಣ... ಬಸ್ಸಿನಲ್ಲಿ, ಬಚ್ಚಲಲ್ಲಿ, ಊಟಕ್ಕೆ ಕೂತಾಗ.

ಮೊನ್ನೆ ವನಜಳ ಮಗಳ ಮದುವೆ ಮಾತುಕತೆಯಲ್ಲಿ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆಂದು ನೀನಾಗಿ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ತಲೆ ತಗ್ಗಿಸಿದವನು ನಾನೊಬ್ಬನೇ. ಆಗಲೂ ನೀನು ಮಸ್ಕತ್ತಿನ ಆ ಡಾಕ್ಟರನ್ನು ಬೈದೆ, ಅಷ್ಟೆಲ್ಲ ಕೇಳಿಯೂ ಕೈಬಿಟ್ಟನೆಂದು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಭಾನುವಾರ ಬರುತ್ತೇನೆ. ಈ ಕಾಗದವನ್ನು ನಿನ್ನೆದುರು ನಾನೇ ಓದುತ್ತೇನೆ, ಒಂದು ಮಾತೂ ಬಿಡದೆ. ಆಮೇಲೆ ಬೈಯಬೇಕಾದವನು ಯಾರೆಂದು ನಿನಗೆ ಗೊತ್ತಿರುತ್ತದೆ.