ಕಂಬಿ ಬಿಚ್ಚಿ ತೋರಿಸಿದ ಪೆರಿಂಗ್ ಅಕ್ಕ

ಬೆಳಗಿನ ಐದು ಗಂಟೆ. ಪಂಪಾಂಗ ಪ್ರಾಂತ್ಯದ ನಮ್ಮ ಓಣಿಯ ಬೇಕರಿಯಲ್ಲಿ ಮೊದಲ ಬ್ರೆಡ್ಡು ಬೇಯುವ ಮುನ್ನವೇ ಪೆರೆಗ್ರಿನಾ ಲಕ್ಸಮಾನಾ ಕಾರಿನಡಿ ಮಲಗಿ ಬೆಸುಗೆ ಹಾಕುತ್ತಿದ್ದಾರೆ. ಐವತ್ತಾರರ ಇವರು ಊರಿಗೆಲ್ಲ ಪೆರಿಂಗ್ ಅಕ್ಕ. ಮೇ ತಿಂಗಳ ಶಿಲುಬೆ ಮೆರವಣಿಗೆಗಾಗಿ ಮನೆ ಕಾರುಗಳ ಚಾವಣಿ ಕತ್ತರಿಸಿ, ರಾಣಿಯ ವೇಷ ತೊಟ್ಟ ಹುಡುಗಿ ನಿಲ್ಲಲು ತೆರೆದ ಬಂಡಿ ಮಾಡುವುದು ಇವರ ಕಸುಬು. ಇಪ್ಪತ್ತೆರಡು ವರ್ಷದಲ್ಲಿ ನಲವತ್ತೊಂದು ಕಾರು. ಹೂ ಕಟ್ಟಿದವರಿಗೂ ಹಾರ ಬೀಳುತ್ತದೆ, ಅಕ್ಕನನ್ನು ಕೇಳುವವರಿಲ್ಲ. ನಮಗೆ ನಾಚಿಕೆಯಾಗಬೇಕು.

ಚಾವಣಿ ತೆಗೆದರೆ ಕಾರು ನಡುವಿನಲ್ಲಿ ಜಗ್ಗುತ್ತದೆ. ಅದಕ್ಕೇ ಅಕ್ಕ ಮೊದಲು ಹೊಟ್ಟೆಯಡಿ ಎರಡು ಉಕ್ಕಿನ ತೊಲೆ ಬೆಸೆಯುತ್ತಾರೆ. ಕತ್ತರಿಸಿದ ಮೇಲೆ ಅಜ್ಜಿಯೂ ಸೇರಿ ಕಾರಿನವರ ಮನೆಮಂದಿಯನ್ನೆಲ್ಲ ಒಳಗೆ ಕೂರಿಸಿ, ಬಾಗಿಲು ತೆಗೆದು ಮುಚ್ಚಿ ನೋಡುತ್ತಾರೆ. ಬಾಗಿಲು ಕಚ್ಚಿಕೊಂಡರೆ ಕಾರು ಅಂಗಳ ಬಿಡುವುದಿಲ್ಲ. ಕೊನೆಗೆ ರಾಣಿ ಹಿಡಿದು ನಿಲ್ಲಲು ಒಂದು ಕಂಬಿಯನ್ನು ಬೋಲ್ಟು ಹಾಕಿ ಕೂರಿಸುತ್ತಾರೆ.

ಹೋದ ವರ್ಷ ಹಬ್ಬದ ಸಮಿತಿ ಬೇಗ ಆಗಲೆಂದು ಬೇರೆ ಗ್ಯಾರೇಜಿಗೆ ಹೋಯಿತು. ಅಲ್ಲಿ ತೊಲೆ ಹಾಕಲಿಲ್ಲ, ಹಿಡಿಯಲು ಕಂಬಿಯನ್ನೂ ಇಡಲಿಲ್ಲ. ಸೇತುವೆಯ ಉಬ್ಬಿನಲ್ಲಿ ರಾಣಿ ಉರುಳಿ ಸೊಂಟ ಮುರಿದುಕೊಂಡಳು. ಹದಿನೇಳರ ಹುಡುಗಿ ಇಂದಿಗೂ ಕೋಲೂರಿ ನಡೆಯುತ್ತಾಳೆ. ದೇವರ ಇಚ್ಛೆ ಎಂದು ಸಮಿತಿ ಕೈ ತೊಳೆದುಕೊಂಡಿತು. ಕಂಬಿ ಬೇಡ ಎಂದದ್ದು ದೇವರೇ?

ಈ ಸಲದ ರಾಣಿ ಬೇಕರಿಯ ಎಫ್ರೆನ್ ಮನಬಾಟ್ ಅವರ ಮಗಳು ಲೀಸೆಲ್. ಕಾರೂ ಅವರದೇ, ಅದನ್ನು ಅಕ್ಕನಿಗೇ ಒಪ್ಪಿಸಿದ್ದಾರೆ. "ಕಾರಿನ್ ತಲೆ ಹೋದ್ರೆ ಹೋಗ್ಲಿ ಅಕ್ಕ, ಮಗಳು ಹುಷಾರಾಗ್ ಬರ್ಲಿ" ಎನ್ನುತ್ತಾರೆ ಎಫ್ರೆನ್.

ಏಳು ಗಂಟೆಗೆ ಸಮಿತಿಯ ಅಧ್ಯಕ್ಷ ಒನೊರಾಟೊ ಬರುತ್ತಾರೆ.

"ಅಕ್ಕ, ಈ ಕಂಬಿ ಬಿಚ್ಬಿಡಿ. ಫೋಟೋದಲ್ಲಿ ಗೌನೇ ಕಾಣಲ್ಲ."

"ಗೌನ್ ಕಾಣ್ಬೇಕೋ, ಹುಡ್ಗಿ ಉಳೀಬೇಕೋ?"

"ನಿಧಾನಕ್ಕೆ ಓಡಿಸ್ತೀವಲ್ಲ! ಬಿಚ್ಚಲ್ಲ ಅಂದ್ರೆ ಮುಂದಿನ್ ವರ್ಷದಿಂದ ನಿಮ್ಗೆ ಕೆಲ್ಸ ಇಲ್ಲ."

ಅಕ್ಕ ಸ್ಪ್ಯಾನರ್ ಎತ್ತಿಕೊಂಡು ನಾಲ್ಕೂ ಬೋಲ್ಟು ಬಿಚ್ಚುತ್ತಾರೆ. ಎಫ್ರೆನ್ ತಡೆಯಲು ಮುಂದೆ ಬರುತ್ತಾರೆ.

"ತಗೊಳ್ಳಿ, ಬಿಚ್ದೆ. ಈಗ ಹತ್ತಿ ರಾಣಿಯೋರೆ! ಕೈ ಬೀಸ್ತಾ ನಿಂತ್ಕೊಳ್ಳಿ, ನಾನ್ ಓಡಿಸ್ತೀನಿ."

ಓಣಿಯ ಜನ ಸೇರಿದ್ದಾರೆ. ಮರ್ಯಾದೆ ಪ್ರಶ್ನೆ, ಅಧ್ಯಕ್ಷರು ಹತ್ತುತ್ತಾರೆ. ಕಾರು ಆಮೆಯ ನಡಿಗೆಯಲ್ಲಿ ಹೊರಡುತ್ತದೆ. ಮೊದಲ ಉಬ್ಬಿಗೇ ಅವರು ಮಂಡಿಯೂರಿ ಬಿದ್ದು ಅಕ್ಕನ ಅಂಗಿಯ ಕಾಲರ್ ಹಿಡಿದುಕೊಳ್ಳುತ್ತಾರೆ.

"ಬಿಡ್ರೀ, ಉಸಿರು ಕಟ್ತಿದೆ! ನಿಧಾನಕ್ಕೇ ಅಲ್ವಾ ಓಡ್ಸಿದ್ದು?"

ಕೆಳಗಿಳಿದ ಅಧ್ಯಕ್ಷರು ಮಂಡಿಯ ಧೂಳು ಕೊಡವಿಕೊಳ್ಳುತ್ತಾರೆ. "ಹಾಕ್ಕೊಳ್ಳಿ ನಿಮ್ ಕಂಬಿ. ಆದ್ರೆ ಮುಂದಿನ್ ವರ್ಷ ಹಬ್ಬದ್ ಕಡೆ ತಲೆ ಹಾಕ್ಬೇಡಿ."

ಬಿದ್ದರೂ ಬುದ್ಧಿ ಬರಲಿಲ್ಲ. ನನ್ನ ಮೈ ಉರಿಯುತ್ತದೆ. ಅಕ್ಕ ಮಾತ್ರ ಆಗಲೇ ಬೋಲ್ಟು ಬಿಗಿಯುತ್ತಿದ್ದಾರೆ.

"ಕೆಲಸ ಹೋಯ್ತಲ್ಲ ಅಕ್ಕ?" ಎನ್ನುತ್ತೇನೆ ನಾನು.

"ಹೋಗ್ಲಿ ಬಿಡು. ನಾಡಿದ್ದು ಮೆರವಣಿಗೇಲಿ ಲೀಸೆಲ್ ಒಂದ್ ಕೈ ಬೀಸ್ಲಿ, ಇನ್ನೊಂದ್ ಕೈ ಈ ಕಂಬಿ ಮೇಲಿಡ್ಲಿ. ಸಂಜೆ ತನ್ ಕಾಲ್ಮೇಲೆ ನಡ್ಕೊಂಡ್ ಮನೆಗ್ ಹೋಗ್ಲಿ. ನಂಗಷ್ಟೇ ಸಾಕು."