ಚಿಗವ್ವನ ಟ್ರಂಕು

ಹಿರೇಕೆರೂರಿನಿಂದ ಹೊರಟ ಹಾವೇರಿ ಬಸ್ಸು ತುಂಬಿತ್ತು. ಮಿಲಿಟರಿ ನರ್ಸ್ ಆಗಿದ್ದ, ಈಚೆಗೆ ತೀರಿಕೊಂಡ ನಮ್ಮ ಚಿಗವ್ವನ ಟ್ರಂಕು ನನ್ನ ಜೊತೆಗಿತ್ತು. ಅದರ ಮೇಲೆ ಅವಳ ಹೆಸರಿನ ಮುಂದೆ ಬಿಳಿ ಬಣ್ಣದಲ್ಲಿ ‘ಕ್ಯಾಪ್ಟನ್’ ಎಂದು ಬರೆದಿತ್ತು. ಅದರ ಮೇಲೇ ಕೂತಿದ್ದ ದಪ್ಪ ಮೀಸೆಯವನಿಗೆ ಇದನ್ನೆಲ್ಲ ಹೇಳಿದೆ. ಅವನು ನಕ್ಕ.

“ನರ್ಸಮ್ಮ ಎಲ್ಲೆರ ಕ್ಯಾಪ್ಟನ್ ಆಗ್ತಾಳೇನೋ? ಖರೇ ಹೇಳು, ಯಾರ ಪೆಟ್ಟಿಗಿ ಎತ್ಕೊಂಡ ಬಂದಿ?”

ಬಸ್ಸಿಗೆ ಬಸ್ಸೇ ನನ್ನನ್ನು ನೋಡಿತು.

“ಮಿಲಿಟರಿ ನರ್ಸಂದ್ರ ಆಫೀಸರ್ರೀ, ಸಿಪಾಯಿಗಳು ಆಕೀಗೆ ಸೆಲ್ಯೂಟ್ ಹೊಡೀತಿದ್ರು. ಮ್ಯಾಲೆ ಏಳ್ರಿ.”

“ಏಳಲಿಲ್ಲಂದ್ರ?”

ಮೆಕ್ಕೆಜೋಳದ ಚೀಲ ಹೊತ್ತು ಬಲಿತ ಕೈ ನನ್ನದು. ಅವನು ಕೂತಿದ್ದಂತೆಯೇ ಟ್ರಂಕಿನ ಒಂದು ತುದಿ ಎತ್ತಿದೆ. ಜಾರಿ ಎದ್ದು ನಿಂತ, ಮುಷ್ಟಿ ಬಿಗಿದ. ಕಂಡಕ್ಟರು ನಡುವೆ ಬಂದು ಕೇಳಿದರು:

“ಕ್ಯಾಪ್ಟನ್ ಬಾಯಿಯವ್ರು ಎಲ್ಲಿಗೆ ಹೊಂಟಾರ್ರಿ?”

“ಹಾವೇರ್ಯಾಗ ಇಳದು ಶಿಗ್ಗಾಂವಕ್ಕ, ತನ್ನ ಮಗಳ ಮನಿಗಿ,” ಎಂದೆ.