ಅಕ್ಕ ಬಿಚ್ಚಿಸಿದ ಬೂಟು

ನನ್ನ ಅಕ್ಕನಿಗೆ ಡೌನ್ ಸಿಂಡ್ರೋಮ್. ಬ್ರೂಸ್‌ಪೇಟೆಯ ನಮ್ಮ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಅವಳದು. ಅಷ್ಟು ನೀಟಾಗಿ ಮಡಚಲು ಅಪ್ಪನಿಗೂ ಬರುತ್ತಿರಲಿಲ್ಲ. ಊರಿಗೆಲ್ಲ ಗಣಿ ದುಡ್ಡು ಹರಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಗಣಿ ಧಣಿಯೊಬ್ಬರು ಹಿಂಬಾಲಕರ ಸಮೇತ ಬಂದು, ಕೆಂಪು ಧೂಳಿನ ಬೂಟಿನಲ್ಲೇ ಗಿರಾಕಿಗಳು ಕೂರಲು ಬಿಳಿ ಬಟ್ಟೆ ಹಾಸಿದ್ದ ನಮ್ಮ ಗಾದಿ ಹತ್ತಿದರು. ಅಪ್ಪ ಕೈಮುಗಿದರು.

ಅಕ್ಕ ಮಾತ್ರ, “ಬೂಟು ಬಿಚ್ಚಿ ಬರ್ರಿ. ಈ ಬಟ್ಟಿ ಒಗಿಯಾಕಿ ನಾನು” ಎಂದಳು.

ಅಪ್ಪ ಜೋರಾಗಿ ಕೆಮ್ಮಿದರು. ಅವಳು ಅವರಿಗೆ ನೀರು ಕೊಟ್ಟಳು.

ಧಣಿ ಕೆಳಗಿಳಿದು ಬೂಟು ಬಿಚ್ಚಿದರು. ಹರಿದ ಸಾಕ್ಸಿನಿಂದ ಹೆಬ್ಬೆರಳು ಹೊರಗಿಣುಕಿತು.

“ಹೊಲಿದು ಕೊಡ್ಲೇನ್ರಿ?” ಎಂದು ಅಕ್ಕ ಸೂಜಿ ತೆಗೆದಳು.

ಅವರು ನಾಚಿ ನಕ್ಕು, ಸಾಕ್ಸ್ ಬಿಚ್ಚಿ ಕೊಟ್ಟರು. ಅಂದಿನಿಂದ ಧಣಿಯ ಮನೆಯವರು ಬಂದಾಗಲೆಲ್ಲ ಅಪ್ಪನನ್ನು ದಾಟಿ, “ಅಕ್ಕಾರು ಎಲ್ಲಿ ಅದಾರ್ರಿ?” ಎಂದು ಕೇಳುತ್ತಿದ್ದರು.